ವೈನ್ ರುಚಿ ನೋಡುವುದು ಹೇಗೆ? ಹೊಸಬರು ಪದೇ ಪದೇ ಕೇಳುವ ಪ್ರಶ್ನೆಗಳು

ವೈನ್ ಬಗ್ಗೆ ಕುತೂಹಲ ಇರುವವರಲ್ಲಿ ಹೆಚ್ಚಿನವರಿಗೆ ಒಂದು ಅಳುಕೂ ಇರುತ್ತದೆ. ಹೆಸರು ಹೇಳಲು ನಾಲಿಗೆ ಹೊರಳುವುದಿಲ್ಲ, ಗ್ಲಾಸ್ ಹಿಡಿಯುವ ರೀತಿ ಗೊತ್ತಿಲ್ಲ, ಪಕ್ಕದವರು ಏನೇನೋ ವಾಸನೆಗಳನ್ನು ಹೇಳುತ್ತಾರೆ, ತಮಗೆ ಮಾತ್ರ ಹುಳಿ ಹುಳಿ ಅನ್ನಿಸುತ್ತದೆ. ಈ ಪ್ರಶ್ನೋತ್ತರ ಅಂಥವರಿಗಾಗಿ. ನಾನು ಎಲ್ಲರಿಗೂ ಹೇಳುವ ಮಾತು ಒಂದೇ: ಒಂದು ಗ್ಲಾಸ್ ಎದುರಿಗಿಟ್ಟುಕೊಂಡು ಯೋಚಿಸಿದರೆ ಏನೂ ತಿಳಿಯುವುದಿಲ್ಲ. ಎರಡು ಬೇರೆ ವೈನ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಯಾವುದು ಜಾಸ್ತಿ ಹುಳಿ, ಯಾವುದು ಜಾಸ್ತಿ ಒಗರು ಅಂತ ಹತ್ತು ನಿಮಿಷದಲ್ಲಿ ನೀವೇ ಹೇಳುತ್ತೀರಿ.

ಕರ್ನಾಟಕದಲ್ಲಿ ಮದ್ಯ ಕೊಳ್ಳಲು 21 ವರ್ಷ ತುಂಬಿರಬೇಕು. ಕುಡಿಯದೇ ಇರುವವರಿಗೆ ಕುಡಿಯಿರಿ ಎಂದು ಹೇಳುವುದು ಇಲ್ಲಿನ ಉದ್ದೇಶ ಅಲ್ಲ.

ವೈನ್ ಅಂದರೆ ಏನು? ಬಿಯರ್, ವಿಸ್ಕಿಗಿಂತ ಹೇಗೆ ಬೇರೆ?

ದ್ರಾಕ್ಷಿ ರಸದಲ್ಲಿರುವ ಸಕ್ಕರೆಯನ್ನು ಯೀಸ್ಟ್ ತಿಂದು ಆಲ್ಕೋಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಮಾಡುತ್ತದೆ. ಅದೇ ವೈನ್. ಬಿಯರ್‌ಗೆ ಧಾನ್ಯ ಬೇಕು. ವಿಸ್ಕಿಯನ್ನು ಹುದುಗಿಸಿದ ಮೇಲೆ ಭಟ್ಟಿ ಇಳಿಸುತ್ತಾರೆ. ವೈನ್‌ಗೆ ಭಟ್ಟಿ ಇಲ್ಲ, ನೀರೂ ಸೇರಿಸುವುದಿಲ್ಲ. ಒಂದು ಲೀಟರ್ ರಸದಲ್ಲಿ ಹೆಚ್ಚುಕಡಿಮೆ 17 ಗ್ರಾಂ ಸಕ್ಕರೆ ಹುದುಗಿದರೆ ಶೇ. 1ರಷ್ಟು ಆಲ್ಕೋಹಾಲ್ ಬರುತ್ತದೆ. ಹಾಗಾಗಿ ಹಣ್ಣು ಎಷ್ಟು ಮಾಗಿತ್ತು ಅನ್ನುವುದು ಬಾಟಲಿಯ ಮೇಲಿನ ಅಂಕಿಯಲ್ಲೇ ಸ್ವಲ್ಪ ಕಾಣುತ್ತದೆ. ಮಾಮೂಲಿ ವೈನ್‌ನಲ್ಲಿ ಅದು ಶೇ. 11ರಿಂದ 14.5ರವರೆಗೆ ಇರುತ್ತದೆ.

ಯೀಸ್ಟ್ ಸಕ್ಕರೆಯನ್ನೆಲ್ಲ ತಿಂದು ಮುಗಿಸಿದರೆ ಅದು ‘ಡ್ರೈ’ ವೈನ್. ಸ್ವಲ್ಪ ಸಕ್ಕರೆ ಉಳಿಸಿದರೆ ಸಿಹಿ ವೈನ್.

ಕೆಂಪು ದ್ರಾಕ್ಷಿಯಿಂದ ಕೆಂಪು, ಹಸಿರು ದ್ರಾಕ್ಷಿಯಿಂದ ಬಿಳಿ. ಇಷ್ಟೇನಾ?

ಅಷ್ಟೇ ಅಲ್ಲ. ಒಂದು ಕಪ್ಪು ದ್ರಾಕ್ಷಿಯನ್ನು ಸಿಪ್ಪೆ ಸುಲಿದು ನೋಡಿ. ಒಳಗಿನ ತಿರುಳಿಗೆ ಬಣ್ಣವೇ ಇಲ್ಲ. ಹೆಚ್ಚುಕಡಿಮೆ ಎಲ್ಲ ಕಪ್ಪು ದ್ರಾಕ್ಷಿಗಳೂ ಹೀಗೇ. ಬಣ್ಣ ಇರುವುದು ಸಿಪ್ಪೆಯಲ್ಲಿ. ರಸವನ್ನು ಸಿಪ್ಪೆ, ಬೀಜಗಳ ಜೊತೆಗೇ ದಿನಗಟ್ಟಲೆ ಹುದುಗಲು ಬಿಟ್ಟರೆ ಕೆಂಪು ವೈನ್. ಕೆಲವು ಗಂಟೆ ಬಿಟ್ಟು ಬೇರ್ಪಡಿಸಿದರೆ ರೋಸೆ. ಮೊದಲೇ ಹಿಂಡಿ ಸಿಪ್ಪೆ ತೆಗೆದರೆ ಬಿಳಿ. ಫ್ರಾನ್ಸ್‌ನ ಶಾಂಪೇನ್‌ಗೆ ಬಳಸುವ ಪಿನೋ ನ್ವಾರ್ ಕಪ್ಪು ದ್ರಾಕ್ಷಿ, ಆದರೆ ಗ್ಲಾಸ್‌ನಲ್ಲಿ ಕಾಣುವುದು ತಿಳಿ ಹೊನ್ನಿನ ಬಣ್ಣ.

ಸಿಪ್ಪೆ, ಬೀಜಗಳಿಂದ ಬಣ್ಣದ ಜೊತೆಗೆ ಟ್ಯಾನಿನ್ ಕೂಡ ಇಳಿಯುತ್ತದೆ. ಕೆಂಪು ವೈನ್ ಒಗರಾಗಿರುವುದಕ್ಕೆ ಇದೇ ಕಾರಣ.

ಮೊದಲ ಸಲ ಕುಡಿದಾಗ ಹುಳಿ, ಒಗರು ಬಿಟ್ಟು ಬೇರೇನೂ ಗೊತ್ತಾಗಲಿಲ್ಲ. ನನಗೆ ವೈನ್ ಆಗಿಬರುವುದಿಲ್ಲವಾ?

ಹುಳಿ, ಒಗರು ಗೊತ್ತಾಯಿತು ಅಂದರೆ ಅರ್ಧ ಕೆಲಸ ಆಯಿತು. ಬಾಯಿಯಲ್ಲಿ ಗಮನಿಸಬೇಕಾದ್ದು ಐದೇ ಸಂಗತಿ: ಸಿಹಿ, ಹುಳಿ, ಒಗರು, ಆಲ್ಕೋಹಾಲ್‌ನ ಬಿಸಿ, ಮತ್ತು ವೈನ್ ಬಾಯಿಯಲ್ಲಿ ತೆಳ್ಳಗಿದೆಯೋ ಮಂದವಾಗಿದೆಯೋ ಅನ್ನುವುದು.

ಇದನ್ನು ವೈನ್ ಇಲ್ಲದೆಯೇ ಅಡುಗೆಮನೆಯಲ್ಲಿ ಕಲಿಯಬಹುದು. ಮೂರು ಲೋಟ ತೆಗೆದುಕೊಳ್ಳಿ. ಒಂದರಲ್ಲಿ ನೀರಿಗೆ ಒಂದು ಚಮಚ ಸಕ್ಕರೆ, ಇನ್ನೊಂದರಲ್ಲಿ ನೀರಿಗೆ ಅರ್ಧ ನಿಂಬೆಹಣ್ಣು, ಮೂರನೆಯದರಲ್ಲಿ ಹಾಲು ಸಕ್ಕರೆ ಹಾಕದೆ ಹತ್ತು ನಿಮಿಷ ಕುದಿಸಿ ಆರಿಸಿದ ಟೀ. ನಿಂಬೆ ನೀರು ಕುಡಿದಾಗ ಕೆನ್ನೆಯ ಒಳಗೆ ಜೊಲ್ಲು ಜಿನುಗುತ್ತದೆ. ಅದು ಹುಳಿಯ ಗುರುತು. ಟೀ ಕುಡಿದಾಗ ಇದಕ್ಕೆ ತದ್ವಿರುದ್ಧ. ಬಾಯಿ ಒಣಗುತ್ತದೆ, ಒಸಡು ಬಿಗಿಯುತ್ತದೆ, ನಾಲಿಗೆಯನ್ನು ಹಲ್ಲಿಗೆ ಉಜ್ಜಿದರೆ ತರಿತರಿ ಅನ್ನಿಸುತ್ತದೆ. ಟ್ಯಾನಿನ್ ನಮ್ಮ ಜೊಲ್ಲಿನ ಪ್ರೋಟೀನ್‌ಗೆ ಅಂಟಿಕೊಂಡು ಅದರ ಜಾರುವ ಗುಣ ಕಳೆಯುವುದರಿಂದ ಹೀಗಾಗುತ್ತದೆ. ಅಡಿಕೆ, ಎಳೆ ಬಾಳೆಕಾಯಿ, ನೇರಳೆ ಹಣ್ಣು ತಿಂದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಈಗ ನಿಂಬೆ ನೀರಿಗೆ ಸಕ್ಕರೆ ಬೆರೆಸಿ ನೋಡಿ. ಹುಳಿ ಅಷ್ಟೇ ಇದೆ, ಆದರೆ ನಾಲಿಗೆಗೆ ಕಡಿಮೆ ಅನ್ನಿಸುತ್ತದೆ, ಅಲ್ವಾ? ವೈನ್ ಮಾಡುವವರು ‘ಹದ’ ಅನ್ನುವುದು ಇದಕ್ಕೇ.

ನಾಲಿಗೆಯ ತುದಿಗೆ ಸಿಹಿ, ಅಂಚಿಗೆ ಹುಳಿ ಅಂತ ಹಳೆಯ ಪಠ್ಯಪುಸ್ತಕಗಳಲ್ಲಿ ಒಂದು ಚಿತ್ರ ಇತ್ತು. ಅದು ತಪ್ಪು. ನಾಲಿಗೆಯ ಎಲ್ಲ ಭಾಗಕ್ಕೂ ಎಲ್ಲ ರುಚಿಯೂ ತಿಳಿಯುತ್ತದೆ.

ರುಚಿ ನೋಡುವ ಕ್ರಮ ಯಾವುದು?

ಗ್ಲಾಸ್‌ನ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಹಾಕಬೇಡಿ. ಬಿಳಿ ಕಾಗದದ ಮೇಲೆ ಓರೆ ಹಿಡಿದು ಬಣ್ಣ ನೋಡಿ. ಬಿಳಿ ವೈನ್ ಹಳೆಯದಾದಷ್ಟೂ ಬಣ್ಣ ಗಾಢವಾಗಿ ಹೊನ್ನು, ಕಂದು ಕಡೆಗೆ ಹೋಗುತ್ತದೆ. ಕೆಂಪು ವೈನ್ ತಿರುಗಾಮುರುಗಾ: ಎಳೆಯದರಲ್ಲಿ ನೇರಳೆ ಛಾಯೆ, ಹಳೆಯದರಲ್ಲಿ ಬಣ್ಣ ಇಳಿದು ಇಟ್ಟಿಗೆ ಕೆಂಪು. ಇಷ್ಟು ಸಾಕು, ಬಣ್ಣಕ್ಕೆ ಜಾಸ್ತಿ ಹೊತ್ತು ಕೊಡಬೇಡಿ.

ಈಗ ಗ್ಲಾಸ್ ಅಲುಗಾಡಿಸದೆ ಒಮ್ಮೆ ಮೂಸಿ. ಆಮೇಲೆ ಗ್ಲಾಸನ್ನು ಮೇಜಿನ ಮೇಲೇ ಇಟ್ಟು, ಅದರ ತೆಳ್ಳಗಿನ ಕಾಲು ಹಿಡಿದು ಚಿಕ್ಕದಾಗಿ ಸುತ್ತು ತಿರುಗಿಸಿ ಮತ್ತೆ ಮೂಸಿ. ಎರಡಕ್ಕೂ ಇರುವ ವ್ಯತ್ಯಾಸ ನೋಡಿದರೆ ಯಾಕೆ ತಿರುಗಿಸುತ್ತಾರೆ ಅಂತ ತಾನಾಗಿ ಗೊತ್ತಾಗುತ್ತದೆ. ವೈನ್ ಗ್ಲಾಸ್‌ನ ಗೋಡೆಗೆಲ್ಲ ಹರಡಿದಾಗ ವಾಸನೆಯ ಕಣಗಳು ಹೆಚ್ಚು ಮೇಲೇಳುತ್ತವೆ. ಉದ್ದಕ್ಕೆ ಉಸಿರೆಳೆಯುವುದಕ್ಕಿಂತ ಚಿಕ್ಕ ಚಿಕ್ಕದಾಗಿ ಮೂಸುವುದು ಒಳ್ಳೆಯದು. ಮೂಗು ಬೇಗ ಒಗ್ಗಿಕೊಂಡುಬಿಡುತ್ತದೆ. ಆಗ ಗ್ಲಾಸ್ ಕೆಳಗಿಟ್ಟು ನಿಮ್ಮದೇ ಅಂಗಿಯ ತೋಳನ್ನೊಮ್ಮೆ ಮೂಸಿ, ಮತ್ತೆ ಶುರು ಮಾಡಿ.

ಆಮೇಲೆ ಒಂದು ಗುಟುಕು. ತಕ್ಷಣ ನುಂಗಬೇಡಿ. ಬಾಯಿಯ ತುಂಬಾ ಓಡಾಡಿಸಿ, ತುಟಿ ಸ್ವಲ್ಪ ತೆರೆದು ಗಾಳಿ ಎಳೆದುಕೊಳ್ಳಿ. ಬಾಯಿಯ ಹಿಂಭಾಗದಿಂದ ಮೂಗಿಗೆ ದಾರಿ ಇದೆ. ನಾವು ‘ರುಚಿ’ ಅನ್ನುವುದರಲ್ಲಿ ಬಹುಪಾಲು ಆ ದಾರಿಯಲ್ಲಿ ಹೋಗುವ ವಾಸನೆಯೇ. ಮೂಗು ಬಿಗಿಯಾಗಿ ಹಿಡಿದುಕೊಂಡು ಒಂದು ಗುಟುಕು ಕುಡಿದು ನೋಡಿ. ಹುಳಿ, ಒಗರು ಇರುತ್ತವೆ, ಹಣ್ಣು ಮಾಯ. ಮೂಗು ಬಿಟ್ಟ ಕ್ಷಣ ಹಣ್ಣು ವಾಪಸ್ ಬರುತ್ತದೆ.

ನುಂಗಿದ ಮೇಲೆ ರುಚಿ ಎಷ್ಟು ಹೊತ್ತು ನಿಲ್ಲುತ್ತದೆ ಅಂತ ಮನಸ್ಸಿನಲ್ಲೇ ಎಣಿಸಿ. ಒಳ್ಳೆಯ ವೈನ್‌ನ ಗುರುತು ಒಂದೇ ಹೇಳು ಅಂದರೆ ನಾನು ಇದನ್ನೇ ಹೇಳುತ್ತೇನೆ.

ವೈನ್ ಬಲ್ಲವರಿಗೆಲ್ಲ ಮೆಣಸು, ಲವಂಗ, ಬೆಣ್ಣೆ ವಾಸನೆ ಬರುತ್ತದಂತೆ. ದ್ರಾಕ್ಷಿಯಲ್ಲಿ ಅವೆಲ್ಲ ಎಲ್ಲಿಂದ ಬಂದವು?

ವೈನ್‌ಗೆ ಅವನ್ನು ಯಾರೂ ಸೇರಿಸುವುದಿಲ್ಲ. ಆದರೆ ಸುಮ್ನೆ ಕಲ್ಪನೆಯೂ ಅಲ್ಲ. ಆ ಪದಾರ್ಥಗಳಲ್ಲಿರುವ ಕಣಗಳೇ ವೈನ್‌ನಲ್ಲೂ ಇರುತ್ತವೆ. ಕಾಳುಮೆಣಸಿಗೆ ಅದರ ಘಾಟು ವಾಸನೆ ಕೊಡುವುದು ರೋಟಂಡೋನ್ ಅನ್ನುವ ಕಣ. ಶಿರಾಜ್ ದ್ರಾಕ್ಷಿಯ ಸಿಪ್ಪೆಯಲ್ಲೂ ಅದೇ ಇದೆ ಅಂತ ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ತೋರಿಸಿದರು. ಓಕ್ ಮರದ ಪೀಪಾಯಿಯಲ್ಲಿ ಇಟ್ಟ ವೈನ್‌ಗೆ ಲವಂಗದ ಯೂಜಿನಾಲ್, ವೆನಿಲಾದ ವೆನಿಲಿನ್ ಎರಡೂ ಮರದಿಂದಲೇ ಇಳಿಯುತ್ತವೆ. ಬೆಣ್ಣೆಯ ವಾಸನೆ ಬರುವುದು ಡೈಅಸಿಟೈಲ್‌ನಿಂದ. ವೈನ್‌ನ ಚೂಪಾದ ಹುಳಿಯನ್ನು ಬ್ಯಾಕ್ಟೀರಿಯಾಗಳು ಮೆದು ಹುಳಿಯಾಗಿ ಮಾಡುವಾಗ ಅದು ಹುಟ್ಟುತ್ತದೆ. ಸಾವಿನ್ಯೋಂ ಬ್ಲಾಂ ಅನ್ನುವ ಬಿಳಿ ವೈನ್ ಮೂಸಿದಾಗ ಹೆಚ್ಚಿದ ದಪ್ಪ ಮೆಣಸಿನಕಾಯಿ ನೆನಪಾದರೆ ಅದಕ್ಕೂ ಕಾರಣ ಒಂದೇ ಬಗೆಯ ಕಣ, ಪೈರಜೀನ್. ಮಸ್ಕಟ್ ದ್ರಾಕ್ಷಿಯ ಹೂವಿನ ಘಮದಲ್ಲಿರುವ ಲಿನಲೂಲ್ ನಮ್ಮ ಕೊತ್ತಂಬರಿ ಬೀಜದಲ್ಲೂ ಇದೆ.

ಹಾಗಾಗಿ ನಮ್ಮ ಸಾಂಬಾರ ಡಬ್ಬಿಯೇ ವೈನ್ ಕಲಿಯಲು ಒಳ್ಳೆಯ ಶಾಲೆ. ಶಿರಾಜ್ ಕುಡಿಯುವ ದಿನ ನಾಲ್ಕು ಕಾಳುಮೆಣಸು ಕುಟ್ಟಿ ಪಕ್ಕದಲ್ಲಿಡಿ. ಮೆಣಸನ್ನೊಮ್ಮೆ, ಗ್ಲಾಸನ್ನೊಮ್ಮೆ ಮೂಸಿ.

ನನಗೆ ಮೆಣಸಿನ ವಾಸನೆ ಬರಲೇ ಇಲ್ಲ. ಮೂಗು ಸರಿ ಇಲ್ಲವಾ?

ಸರಿ ಇದೆ. ರೋಟಂಡೋನ್ ವಾಸನೆ ಐವರಲ್ಲಿ ಒಬ್ಬರಿಗೆ ಹೆಚ್ಚುಕಡಿಮೆ ತಿಳಿಯುವುದೇ ಇಲ್ಲ. ಅದು ಹುಟ್ಟಿನಿಂದ ಬಂದದ್ದು. ಅದಲ್ಲದೆ, ವಾಸನೆಯ ಹೆಸರು ನೆನಪಿನಿಂದ ಬರುತ್ತದೆ. ಬ್ಲ್ಯಾಕ್‌ಕರಂಟ್ ಹಣ್ಣು ತಿನ್ನದೆ ಬೆಳೆದವರಿಗೆ ಕ್ಯಾಬರ್ನೆ ಅನ್ನುವ ಕೆಂಪು ವೈನ್‌ನಲ್ಲಿ ಬ್ಲ್ಯಾಕ್‌ಕರಂಟ್ ಹೇಗೆ ನೆನಪಾಗಬೇಕು? ನಿಮಗೆ ನೇರಳೆ ಹಣ್ಣು ನೆನಪಾದರೆ ನೇರಳೆ ಅಂತಲೇ ಬರೆದುಕೊಳ್ಳಿ. ಸೀಬೆ, ಚಕ್ಕೋತ, ಹುಣಸೆ, ಮಳೆ ಬಿದ್ದ ಮಣ್ಣು, ಹೊಸ ಚಪ್ಪಲಿಯ ಚರ್ಮ, ಎಲ್ಲವೂ ನಡೆಯುತ್ತದೆ. ಮುಂದಿನ ಸಲ ಅದೇ ವೈನ್ ಬಂದಾಗ ನಿಮಗೆ ಅದು ಗುರುತು ಸಿಗಬೇಕು, ಅಷ್ಟೇ ಮುಖ್ಯ.

ಮೊದಲು ಯಾವ ವೈನ್ ಕೊಳ್ಳಲಿ?

ಎರಡು ಕೊಳ್ಳಿ. ಬಿಳಿಯಿಂದ ಶುರು ಮಾಡುವುದಾದರೆ ಒಂದು ಶೆನಿನ್ ಬ್ಲಾಂ, ಒಂದು ಸಾವಿನ್ಯೋಂ ಬ್ಲಾಂ. ಎರಡನ್ನೂ ನಮ್ಮ ದೇಶದಲ್ಲೇ ಮಾಡುತ್ತಾರೆ, ಸುಲಭವಾಗಿ ಸಿಗುತ್ತವೆ. ನಮ್ಮಲ್ಲಿ ಸಿಗುವ ಶೆನಿನ್ ಹೆಚ್ಚಾಗಿ ಮೆದು, ಕೆಲವದರಲ್ಲಿ ಒಂದು ಎಳೆ ಸಿಹಿ ಇರುತ್ತದೆ. ಸಾವಿನ್ಯೋಂ ಬ್ಲಾಂ ಚುರುಕು, ಹಸಿರು ವಾಸನೆಯದು. ಕೆಂಪಿಗೆ ಬಂದಾಗ ಶಿರಾಜ್ ಮತ್ತು ಕ್ಯಾಬರ್ನೆ ಸಾವಿನ್ಯೋಂ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ.

ಬೆಲೆ ಒಂದೇ ಮಟ್ಟದ್ದಾಗಿರಲಿ. ಒಂದು ಅಗ್ಗ, ಒಂದು ದುಬಾರಿ ತಂದರೆ ನಾಲಿಗೆ ಬಿಟ್ಟು ಬೆಲೆಯೇ ತೀರ್ಪು ಕೊಡುತ್ತದೆ. ಇನ್ನೊಂದು ಮಾತು: ‘ವೈನ್ಸ್’ ಅಂತ ಬೋರ್ಡ್ ಇರುವ ಅಂಗಡಿಗಳಲ್ಲಿ ವಿಸ್ಕಿ, ರಮ್ ತುಂಬಿರುತ್ತವೆ, ವೈನ್ ಎಲ್ಲೋ ಮೂಲೆಯಲ್ಲಿ, ಕೆಲವೊಮ್ಮೆ ಬಿಸಿಲು ಬೀಳುವ ಕಿಟಕಿಯಲ್ಲಿ ನಿಂತಿರುತ್ತದೆ. ಬಿಸಿಲಿನಲ್ಲಿದ್ದ ಬಾಟಲಿಯನ್ನು ಎಷ್ಟೇ ರಿಯಾಯಿತಿ ಕೊಟ್ಟರೂ ತೆಗೆದುಕೊಳ್ಳಬೇಡಿ.

ಕರ್ನಾಟಕದಲ್ಲಿ ನಿಜಕ್ಕೂ ಒಳ್ಳೆಯ ವೈನ್ ಆಗುತ್ತದಾ?

ಆಗುತ್ತದೆ. ನಂದಿ ಬೆಟ್ಟದ ಬುಡದಲ್ಲಿ, ದೊಡ್ಡಬಳ್ಳಾಪುರದ ಕಡೆ, ಕನ್ವಲ್ ಗ್ರೋವರ್ ಅವರು ಫ್ರಾನ್ಸ್‌ನ ದ್ರಾಕ್ಷಿ ತಳಿಗಳನ್ನು ತಂದು ನೆಟ್ಟರು. 1992ರಲ್ಲಿ ಅಲ್ಲಿನ ಮೊದಲ ವೈನ್ ಬಂತು. ಫ್ರಾನ್ಸ್‌ನ ಬೋರ್ಡೋದ ಹೆಸರಾಂತ ವೈನ್ ತಜ್ಞ ಮಿಶೆಲ್ ರೋಲಾಂ ಅದಕ್ಕೆ ಸಲಹೆಗಾರರಾದರು. ಗ್ರೋವರ್ ಅವರ ಕಂಪನಿಯ ‘ಲಾ ರಿಸರ್ವ್’ ಅನ್ನುವ ಕ್ಯಾಬರ್ನೆ-ಶಿರಾಜ್ ಮಿಶ್ರಣ ಭಾರತದ ಕೆಂಪು ವೈನ್‌ಗಳಲ್ಲಿ ಹಳೆಯ ಹೆಸರು. ಹಂಪಿಯ ಬೆಟ್ಟಗಳ ಕಡೆ ಕ್ರಿಸ್ಮಾ ಎಸ್ಟೇಟ್ಸ್ ಇದೆ. ವಿಜಯಪುರ, ಬಾಗಲಕೋಟೆಯ ಕೃಷ್ಣಾ ಕಣಿವೆಯಲ್ಲೂ ವೈನ್ ದ್ರಾಕ್ಷಿ ಬೆಳೆಯುತ್ತಾರೆ. ರಾಜ್ಯ ಸರ್ಕಾರ 2007ರಲ್ಲಿ ವೈನ್ ನೀತಿ ತಂದು ಅದಕ್ಕೊಂದು ಮಂಡಳಿಯನ್ನೂ ಮಾಡಿತು. ಹೆಚ್ಚು ವೈನ್ ಮಾಡುವುದು ಮಾತ್ರ ಮಹಾರಾಷ್ಟ್ರ, ಅದರಲ್ಲೂ ನಾಶಿಕ್.

ಇಲ್ಲಿನ ಬಳ್ಳಿಯ ಬದುಕೇ ಬೇರೆ. ಯುರೋಪಿನಲ್ಲಿ ಚಳಿಗಾಲಕ್ಕೆ ಎಲೆ ಉದುರಿಸಿ ನಿದ್ದೆ ಹೋಗುತ್ತದೆ, ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ ಕೊಯ್ಲು. ನಮ್ಮಲ್ಲಿ ಅಂಥ ಚಳಿ ಇಲ್ಲ, ಬಳ್ಳಿ ಮಲಗುವುದೇ ಇಲ್ಲ. ಹಾಗಾಗಿ ವರ್ಷಕ್ಕೆ ಎರಡು ಸಲ ಚಾಟ್ನಿ, ಅಂದರೆ ಬಳ್ಳಿ ಸವರುವುದು, ಮಾಡುತ್ತಾರೆ. ಬೇಸಿಗೆಯಲ್ಲಿ ಒಮ್ಮೆ ಕಡ್ಡಿ ಬೆಳೆಯಲಿ ಅಂತ, ಮಳೆ ಕಳೆಯುವ ಹೊತ್ತಿಗೆ ಮತ್ತೊಮ್ಮೆ ಹಣ್ಣಿಗೆ ಅಂತ. ಕೊಯ್ಲು ಜನವರಿಯಿಂದ ಮಾರ್ಚ್-ಏಪ್ರಿಲ್‌ವರೆಗೆ. ಆ ಸಮಯದಲ್ಲಿ ತೋಟ ನೋಡಲು ಬಿಡುವ ಕಡೆ ಹೋದರೆ, ಬಳ್ಳಿಯಿಂದಲೇ ಒಂದು ಶಿರಾಜ್ ಹಣ್ಣು ಕೇಳಿ ತಿನ್ನಿ. ಬಟಾಣಿಗಿಂತ ಸ್ವಲ್ಪ ದೊಡ್ಡದು, ದಪ್ಪ ಸಿಪ್ಪೆ, ಬೀಜವೇ ಜಾಸ್ತಿ. ಮಾರುಕಟ್ಟೆಯ ದ್ರಾಕ್ಷಿಗಿಂತ ಸಿಹಿ. ಬೀಜ ಕಚ್ಚಿದ ಕೂಡಲೇ ಬಾಯೆಲ್ಲ ಒಗರು. ಕೆಂಪು ವೈನ್‌ನ ಅರ್ಧ ಪಾಠ ಆ ಒಂದು ಹಣ್ಣಿನಲ್ಲೇ ಇದೆ.

ಬೆಂಗಳೂರು ಬ್ಲೂ ದ್ರಾಕ್ಷಿಯಿಂದಲೂ ವೈನ್ ಮಾಡುತ್ತಾರಲ್ಲ? ಅದಕ್ಕೂ ಪೋರ್ಟ್ ವೈನ್‌ಗೂ ಏನು ಸಂಬಂಧ?

ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಬೆಂಗಳೂರು ಬ್ಲೂಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇದೆ. ಆದರೆ ಕ್ಯಾಬರ್ನೆ, ಶಿರಾಜ್‌ಗಳು ಸೇರಿದ ಯುರೋಪಿನ ಜಾತಿಯಲ್ಲ ಇದು. ಅಮೆರಿಕದ ಲಬ್ರಸ್ಕಾ ದ್ರಾಕ್ಷಿಯ ರಕ್ತ ಇದರಲ್ಲಿದೆ. ದ್ರಾಕ್ಷಿ ಜ್ಯೂಸ್ ಅಂದಾಗ ಮೂಗಿಗೆ ಬರುವ ಆ ಗಡುಸು ವಾಸನೆ ಇದರದ್ದು. ಅದರಿಂದ ಸಿಹಿ ವೈನ್ ಮಾಡುತ್ತಾರೆ. ಅಂಥದ್ದು ಎಷ್ಟೋ ಸಲ ‘ಪೋರ್ಟ್’ ಅನ್ನುವ ಹೆಸರಲ್ಲಿ ಮಾರಾಟವಾಗುತ್ತಿತ್ತು.

ನಿಜವಾದ ಪೋರ್ಟ್ ಪೋರ್ಚುಗಲ್‌ನ ಡೋರು ಕಣಿವೆಯದು. ರಸ ಅರ್ಧ ಹುದುಗಿರುವಾಗಲೇ ದ್ರಾಕ್ಷಿಯ ಸ್ಪಿರಿಟ್ ಸುರಿದು ಯೀಸ್ಟನ್ನು ನಿಲ್ಲಿಸುತ್ತಾರೆ. ಸಕ್ಕರೆ ಉಳಿಯುತ್ತದೆ, ಆಲ್ಕೋಹಾಲ್ ಶೇ. 20ರ ಆಸುಪಾಸಿಗೆ ಏರುತ್ತದೆ. ಸಿಹಿ ಪೋರ್ಟ್‌ನಿಂದಲೇ ವೈನ್ ಪರಿಚಯ ಆದವರಿಗೆ ಡ್ರೈ ವೈನ್ ಮೊದಲ ದಿನ ಕಹಿ ಅನ್ನಿಸುವುದು ಸಹಜ. ಒಂದೆರಡು ಸಲ ಊಟದ ಜೊತೆ ಕುಡಿದ ಮೇಲೆ ತೀರ್ಮಾನಿಸಿ.

ಲೇಬಲ್ ಓದುವುದು ಹೇಗೆ?

ದ್ರಾಕ್ಷಿಯ ಹೆಸರು, ಊರು, ಕೊಯ್ಲಿನ ವರ್ಷ, ಆಲ್ಕೋಹಾಲ್ ಪ್ರಮಾಣ, ಈ ನಾಲ್ಕನ್ನು ನೋಡಿ. ಭಾರತ, ಆಸ್ಟ್ರೇಲಿಯಾ, ಅಮೆರಿಕದ ಬಾಟಲಿಗಳಲ್ಲಿ ದ್ರಾಕ್ಷಿಯ ಹೆಸರು ಎದ್ದು ಕಾಣುತ್ತದೆ. ಯುರೋಪಿನವರು ಊರ ಹೆಸರು ಮಾತ್ರ ಹಾಕುವುದು ಹೆಚ್ಚು. ಶಾಬ್ಲಿ ಅಂದರೆ ಶಾರ್ಡನೇ ದ್ರಾಕ್ಷಿ, ಸಾನ್ಸೇರ್‌ನ ಬಿಳಿ ಅಂದರೆ ಸಾವಿನ್ಯೋಂ ಬ್ಲಾಂ, ಬರೋಲೋ ಅಂದರೆ ನೆಬ್ಬಿಯೋಲೋ, ಕಿಯಾಂಟಿಯಲ್ಲಿ ಮುಖ್ಯವಾಗಿ ಸಾಂಜೊವೇಸೆ.

‘ರಿಸರ್ವ್’ ಅನ್ನುವ ಪದಕ್ಕೆ ಎಲ್ಲ ಕಡೆ ಒಂದೇ ತೂಕ ಇಲ್ಲ. ಸ್ಪೇನ್‌ನ ರಿಯೋಹಾದಲ್ಲಿ ಕೆಂಪು ವೈನ್‌ಗೆ ‘ರೆಸೆರ್ವಾ’ ಅನ್ನಬೇಕಾದರೆ ಕನಿಷ್ಠ 3 ವರ್ಷ ಇಟ್ಟಿರಬೇಕು, ಅದರಲ್ಲಿ 1 ವರ್ಷ ಪೀಪಾಯಿಯಲ್ಲಿ. ಬಹಳಷ್ಟು ದೇಶಗಳಲ್ಲಿ ಅಂಥ ಕಾನೂನಿಲ್ಲ, ಕಂಪನಿ ಇಟ್ಟ ಹೆಸರಷ್ಟೇ. ನೊರೆ ವೈನ್‌ನಲ್ಲಿ ಒಂದು ಗೊಂದಲ ಇದೆ: ‘ಎಕ್ಸ್‌ಟ್ರಾ ಡ್ರೈ’ ಅಂತ ಬರೆದಿರುವುದು ‘ಬ್ರೂಟ್’ಗಿಂತ ಸಿಹಿ. ಸಿಹಿ ಬೇಡ ಅನ್ನುವವರು ಬ್ರೂಟ್ ತೆಗೆದುಕೊಳ್ಳಿ.

ದುಬಾರಿ ವೈನ್ ಅಂದರೆ ಒಳ್ಳೆಯ ವೈನ್ ತಾನೇ?

1976ರ ಮೇ 24ರಂದು ಪ್ಯಾರಿಸ್‌ನಲ್ಲಿ ಸ್ಟೀವನ್ ಸ್ಪರಿಯರ್ ಎಂಬ ಬ್ರಿಟಿಷ್ ವ್ಯಾಪಾರಿ ಒಂದು ರುಚಿ ಪರೀಕ್ಷೆ ಇಟ್ಟರು. ಹೆಸರು ಮುಚ್ಚಿ ಫ್ರಾನ್ಸ್‌ನ ದೊಡ್ಡ ವೈನ್‌ಗಳನ್ನೂ ಕ್ಯಾಲಿಫೋರ್ನಿಯಾದ ವೈನ್‌ಗಳನ್ನೂ ಫ್ರೆಂಚ್ ತಜ್ಞರ ಮುಂದಿಟ್ಟರು. ಬಿಳಿಯಲ್ಲಿ ಶಾಟೋ ಮಾಂಟೆಲೀನಾದ 1973ರ ಶಾರ್ಡನೇ, ಕೆಂಪಿನಲ್ಲಿ ಸ್ಟ್ಯಾಗ್ಸ್ ಲೀಪ್ ವೈನ್ ಸೆಲ್ಲರ್ಸ್‌ನ 1973ರ ಕ್ಯಾಬರ್ನೆ ಮೊದಲು ಬಂದವು. ಎರಡೂ ಕ್ಯಾಲಿಫೋರ್ನಿಯಾದ್ದು. ಹೆಸರು ಕಾಣಿಸದಿದ್ದಾಗ ನಾಲಿಗೆ ಬೇರೆಯೇ ಮಾತು ಹೇಳಿತು.

ಕಣ್ಣೂ ನಮ್ಮನ್ನು ಹೀಗೇ ದಾರಿ ತಪ್ಪಿಸುತ್ತದೆ. 2001ರಲ್ಲಿ ಪ್ರಕಟವಾದ ಬೋರ್ಡೋದ ಅಧ್ಯಯನವೊಂದರಲ್ಲಿ ಬಿಳಿ ವೈನ್‌ಗೆ ವಾಸನೆಯಿಲ್ಲದ ಕೆಂಪು ಬಣ್ಣ ಹಾಕಿ 54 ಮಂದಿ ವೈನ್ ವಿದ್ಯಾರ್ಥಿಗಳಿಗೆ ಕೊಟ್ಟರು. ಅವರು ಅದನ್ನು ಕೆಂಪು ವೈನ್‌ನ ಮಾತುಗಳಲ್ಲೇ ಬಣ್ಣಿಸಿದರು. ಕಲಿಯುವ ಕಾಲದಲ್ಲಿ ಬಾಟಲಿಗೆ ಪೇಪರ್ ಸುತ್ತಿ ರುಚಿ ನೋಡಿ ಅಂತ ನಾನು ಒತ್ತಿ ಹೇಳುವುದು ಇದಕ್ಕೇ.

ಹಳೆಯದಾದಷ್ಟೂ ಒಳ್ಳೆಯದು ಅನ್ನುತ್ತಾರಲ್ಲ?

ಕೆಲವೇ ವೈನ್‌ಗಳ ಮಟ್ಟಿಗೆ ನಿಜ. ಅಂಗಡಿಯಲ್ಲಿ ಸಿಗುವ ಬಹುಪಾಲು ವೈನ್ ಒಂದೆರಡು ವರ್ಷದಲ್ಲಿ ಕುಡಿಯಲೆಂದೇ ಮಾಡಿದ್ದು. ಬಿಳಿ ಮತ್ತು ರೋಸೆ ಕೊಳ್ಳುವಾಗ ಹೊಸ ವರ್ಷದ್ದೇ ಆರಿಸಿ. ಮನೆಯಲ್ಲಿ ಗ್ಯಾಸ್ ಒಲೆ ಪಕ್ಕ, ಫ್ರಿಜ್ ಮೇಲೆ ಇಡಬೇಡಿ. ಬೇಸಿಗೆಯಲ್ಲಿ ಕಾರಿನ ಡಿಕ್ಕಿಯಲ್ಲಿ ಒಂದು ಮಧ್ಯಾಹ್ನ ಬಿಟ್ಟರೂ ಸಾಕು, ಹಾಳಾಗುತ್ತದೆ. ಕಾರ್ಕ್ ಇದ್ದರೆ ಮಲಗಿಸಿ ಇಡಿ, ಕಾರ್ಕ್ ಒಣಗುವುದಿಲ್ಲ. ತಿರುಗಿಸುವ ಮುಚ್ಚಳ ಇದ್ದರೆ ಹೇಗಿಟ್ಟರೂ ಸರಿ. ಆ ಮುಚ್ಚಳ ಅಗ್ಗದ ವೈನ್‌ನ ಗುರುತಲ್ಲ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನವರು ಒಳ್ಳೆಯ ವೈನ್‌ಗೂ ಅದನ್ನೇ ಹಾಕುತ್ತಾರೆ.

ಕೆಂಪು ವೈನ್ ಫ್ರಿಜ್‌ನಲ್ಲಿ ಇಡಬಾರದು ಅಂತಾರೆ. ನಿಜವಾ?

‘ಕೋಣೆಯ ಉಷ್ಣತೆ’ ಅನ್ನುವ ಮಾತು ಹುಟ್ಟಿದ್ದು ಯುರೋಪಿನ ಹಳೆಯ ಮನೆಗಳಲ್ಲಿ. ಅಲ್ಲಿ ಅದು 16-18 ಡಿಗ್ರಿ. ಏಪ್ರಿಲ್‌ನಲ್ಲಿ ಬೆಂಗಳೂರಿನ ಮನೆ 30 ಡಿಗ್ರಿ ಇರುತ್ತದೆ, ಕಲಬುರಗಿ ಮಾತು ಬೇಡವೇ ಬೇಡ. ಆ ಬಿಸಿಗೆ ಆಲ್ಕೋಹಾಲ್ ಮೂಗಿಗೆ ರಾಚುತ್ತದೆ, ಹಣ್ಣು ಮಸುಕಾಗುತ್ತದೆ. ಕೆಂಪು ವೈನನ್ನು ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ತೆಗೆಯಿರಿ. ಬಿಳಿಗೆ 8-12 ಡಿಗ್ರಿ ಸಾಕು. ತೀರಾ ಕೊರೆಯುವಷ್ಟು ತಂಪಾದರೆ ವಾಸನೆ ಏಳುವುದಿಲ್ಲ. ನೊರೆ ವೈನ್ ಮಾತ್ರ ಚೆನ್ನಾಗಿ ತಂಪಾಗಿರಲಿ, ಇಲ್ಲದಿದ್ದರೆ ತೆರೆದ ಕೂಡಲೇ ಉಕ್ಕುತ್ತದೆ.

ದುಬಾರಿ ಗ್ಲಾಸ್ ಬೇಕಾ?

ಬೇಡ. ಕಾಲು ಇರುವ, ಬಾಯಿ ಸ್ವಲ್ಪ ಒಳಕ್ಕೆ ಬಾಗಿರುವ ಒಂದೇ ಥರದ ಎರಡು ಗ್ಲಾಸ್ ಸಾಕು. ಸ್ಟೀಲ್ ಲೋಟದಲ್ಲಿ ಬಣ್ಣ ಕಾಣುವುದಿಲ್ಲ, ವಾಸನೆಯೂ ನಿಲ್ಲುವುದಿಲ್ಲ. ಪಾತ್ರೆ ತೊಳೆಯುವ ಸೋಪಿನ ವಾಸನೆ ಗ್ಲಾಸಿನಲ್ಲಿ ಉಳಿದಿದೆಯಾ ಅಂತ ವೈನ್ ಹಾಕುವ ಮೊದಲೇ ಮೂಸಿ ನೋಡಿ.

ಗ್ಲಾಸ್‌ನ ಗೋಡೆಯಲ್ಲಿ ಗೆರೆ ಗೆರೆಯಾಗಿ ಇಳಿದರೆ ಒಳ್ಳೆಯ ವೈನ್ ಅಂತಾರೆ?

ಅಲ್ಲ. ಆಲ್ಕೋಹಾಲ್ ನೀರಿಗಿಂತ ಬೇಗ ಆವಿಯಾಗುವುದರಿಂದ ಆ ಹನಿಗಳು ಮೂಡುತ್ತವೆ. ಗುಣಕ್ಕೂ ಅದಕ್ಕೂ ಸಂಬಂಧವಿಲ್ಲ.

ನಮ್ಮ ಖಾರದ ಊಟಕ್ಕೆ ವೈನ್ ಹೊಂದುತ್ತದಾ?

ಹೊಂದುತ್ತದೆ, ಆದರೆ ಆರಿಸಬೇಕು. ಖಾರ ಜಾಸ್ತಿ ಇದ್ದಾಗ ಆಲ್ಕೋಹಾಲ್ ಉರಿಯನ್ನು ಹೆಚ್ಚಿಸುತ್ತದೆ. ಟ್ಯಾನಿನ್ ಇದ್ದರೆ ಬಾಯಿ ಇನ್ನೂ ಒರಟಾಗುತ್ತದೆ. ಕೋಳಿ ಸಾರಿನ ಜೊತೆ ಶೇ. 14.5ರ ಒಗರು ಕ್ಯಾಬರ್ನೆ ಕುಡಿದು ‘ವೈನ್ ನಮಗಲ್ಲ’ ಅಂತ ಎದ್ದವರನ್ನು ನೋಡಿದ್ದೇನೆ. ತಪ್ಪು ಜೋಡಿಯದ್ದು. ಅದೇ ಸಾರಿಗೆ ತಂಪಾದ, ಸ್ವಲ್ಪ ಸಿಹಿ ಇರುವ ಶೆನಿನ್ ಬ್ಲಾಂ ಅಥವಾ ರೀಸ್ಲಿಂಗ್ ಕೊಡಿ. ಸಿಹಿ ಉರಿಯನ್ನು ತಣಿಸುತ್ತದೆ, ಹುಳಿ ಮಸಾಲೆಯ ಜಿಡ್ಡು ಕತ್ತರಿಸುತ್ತದೆ.

ಹುಳಿ ಇರುವ ಅಡುಗೆಗೆ ಅಷ್ಟೇ ಹುಳಿಯ ವೈನ್ ಬೇಕು, ಇಲ್ಲದಿದ್ದರೆ ವೈನ್ ಸಪ್ಪೆ ಆಗುತ್ತದೆ. ಕೊಡಗಿನ ಪಂದಿ ಕರಿಯಲ್ಲಿ ಕಾಚಂಪುಳಿಯ ಹುಳಿ, ಕಾಳುಮೆಣಸು, ಕೊಬ್ಬು ಮೂರೂ ಇವೆ. ಮೆದು ಒಗರಿನ ಶಿರಾಜ್‌ಗೆ ಅದಕ್ಕಿಂತ ಒಳ್ಳೆಯ ಜೋಡಿ ನನಗಂತೂ ಸಿಕ್ಕಿಲ್ಲ. ಮೆಣಸು ಎರಡರಲ್ಲೂ ಇದೆಯಲ್ಲ! ಬಂಗುಡೆ, ಭೂತಾಯಿಯಂಥ ಎಣ್ಣೆ ಮೀನಿಗೆ ಕೆಂಪು ವೈನ್ ಬೇಡ. ಕೆಂಪು ವೈನ್‌ನಲ್ಲಿರುವ ಕಬ್ಬಿಣದ ಅಂಶ ಮೀನೆಣ್ಣೆಯ ಜೊತೆ ಸೇರಿ ಲೋಹದಂಥ ಕೆಟ್ಟ ರುಚಿ ಬರುತ್ತದೆ. ಅಲ್ಲಿ ಸಾವಿನ್ಯೋಂ ಬ್ಲಾಂ ಸರಿ.

ಸಸ್ಯಾಹಾರಕ್ಕೂ ಇದೇ ಲೆಕ್ಕ. ಚಕ್ಕುಲಿ, ಕೋಡುಬಳೆ, ಬಿಸಿ ಬಜ್ಜಿ ಇವುಗಳಿಗೆ ಬ್ರೂಟ್ ನೊರೆ ವೈನ್ ಬಹಳ ಚೆನ್ನ. ಎಣ್ಣೆ, ಉಪ್ಪು ಇದ್ದಲ್ಲಿ ಹುಳಿ ಮತ್ತು ಗುಳ್ಳೆ ಬಾಯಿಯನ್ನು ತೊಳೆದಂತೆ ಮಾಡುತ್ತವೆ. ಜೋಳದ ರೊಟ್ಟಿ, ಎಣ್ಣೆಗಾಯಿಗೆ ಶೇಂಗಾ-ಎಳ್ಳಿನ ತೂಕ ಇರುವುದರಿಂದ ಹಗುರ ಕೆಂಪು ನಡೆಯುತ್ತದೆ. ಮೈಸೂರು ಪಾಕ್, ಹೋಳಿಗೆಗೆ ಡ್ರೈ ವೈನ್ ಕುಡಿದರೆ ವೈನ್ ಬರೀ ಹುಳಿ ಅನ್ನಿಸುತ್ತದೆ. ಸಿಹಿತಿಂಡಿಗಿಂತ ವೈನ್ ಸಿಹಿಯಾಗಿರಬೇಕು.

ವೈನ್ ಕೆಟ್ಟಿದೆ ಅಂತ ತಿಳಿಯುವುದು ಹೇಗೆ?

ಒದ್ದೆಯಾದ ರಟ್ಟು, ಮುಗ್ಗಲು ಹಿಡಿದ ನೆಲಮಾಳಿಗೆಯ ವಾಸನೆ ಬಂದರೆ ಅದು ಕಾರ್ಕ್‌ನ ದೋಷ, ಟಿಸಿಎ ಅನ್ನುವ ಕಣದಿಂದ ಆಗುವುದು. ವಿನೆಗರ್ ಅಥವಾ ನೇಲ್ ಪಾಲಿಶ್ ವಾಸನೆ ಮುಂದಾಗಿದ್ದರೆ ಬ್ಯಾಕ್ಟೀರಿಯಾ ಕೆಲಸ. ಎಳೆಯ ಬಿಳಿ ವೈನ್ ಕಂದಾಗಿ, ಕತ್ತರಿಸಿಟ್ಟ ಸೇಬಿನ ವಾಸನೆ ಬಂದರೆ ಗಾಳಿ ತಾಗಿದೆ. ಹೋಟೆಲ್‌ನಲ್ಲಿ ಮೊದಲು ಸ್ವಲ್ಪವೇ ಸುರಿದು ಕೊಡುವುದು ಇದನ್ನು ನೋಡಲಿಕ್ಕೆ. ಮೂಸಿದರೆ ಸಾಕು. ದೋಷ ಇದ್ದರೆ ಸಂಕೋಚ ಬೇಡ, ಬದಲಿಸಿ ಕೊಡಲು ಕೇಳಿ. ತಳದಲ್ಲಿ ಸಕ್ಕರೆ ಹರಳಿನಂಥದ್ದು ಕಂಡರೆ ಹೆದರಬೇಡಿ. ಅದು ದ್ರಾಕ್ಷಿಯದೇ ಟಾರ್ಟಾರಿಕ್ ಆಮ್ಲದ ಉಪ್ಪು, ತಂಪಿಗೆ ಹರಳುಗಟ್ಟಿರುತ್ತದೆ.

ತೆರೆದ ಬಾಟಲಿ ಎಷ್ಟು ದಿನ ಇರುತ್ತದೆ?

ಮುಚ್ಚಿ ಫ್ರಿಜ್‌ನಲ್ಲಿಟ್ಟರೆ ಮೂರರಿಂದ ಐದು ದಿನ, ಕೆಂಪೂ ಸೇರಿ. ನೊರೆ ವೈನ್ ಮರುದಿನಕ್ಕೇ ಮುಗಿಸಿ. ಉಳಿದದ್ದು ಅಡುಗೆಗೆ ಆಗುತ್ತದೆ.

ವೈನ್ ಸಸ್ಯಾಹಾರವಾ?

ದ್ರಾಕ್ಷಿ, ಯೀಸ್ಟ್‌ವರೆಗೆ ಹೌದು. ಆದರೆ ವೈನ್ ತಿಳಿಯಾಗಲು ಕೆಲವರು ಮೊಟ್ಟೆಯ ಬಿಳಿ, ಹಾಲಿನ ಕೇಸಿನ್, ಜೆಲಟಿನ್, ಮೀನಿನ ಗಾಳಿಚೀಲದಿಂದ ತೆಗೆದ ಪದಾರ್ಥ ಬಳಸುತ್ತಾರೆ. ಇವು ಕಸರನ್ನು ಹಿಡಿದು ತಳಕ್ಕೆ ಇಳಿಯುತ್ತವೆ, ಆಮೇಲೆ ಸೋಸಿ ತೆಗೆಯುತ್ತಾರೆ. ಬೆಂಟೊನೈಟ್ ಎಂಬ ಜೇಡಿಮಣ್ಣು ಬಳಸುವವರೂ ಬಹಳ ಮಂದಿ ಇದ್ದಾರೆ. ನಿಮಗೆ ಇದು ಮುಖ್ಯವಾದರೆ ‘ವೀಗನ್’ ಎಂದು ಬರೆದಿರುವುದನ್ನು ಹುಡುಕಿ, ಇಲ್ಲವೇ ಕಂಪನಿಯನ್ನೇ ಕೇಳಿ.

ಕೆಂಪು ವೈನ್ ಕುಡಿದರೆ ತಲೆನೋವು. ಸಲ್ಫೈಟ್ ಕಾರಣವಾ?

ಎಲ್ಲರೂ ಅದನ್ನೇ ದೂರುತ್ತಾರೆ. ಆದರೆ ಸಾಮಾನ್ಯವಾಗಿ ಕೆಂಪಿಗಿಂತ ಬಿಳಿ ವೈನ್‌ನಲ್ಲೇ ಸಲ್ಫೈಟ್ ಜಾಸ್ತಿ. ಆಸ್ತಮಾ ಇರುವ ಕೆಲವರಿಗೆ ಅದು ನಿಜಕ್ಕೂ ತೊಂದರೆ ಕೊಡುತ್ತದೆ, ಅಂಥವರು ಎಚ್ಚರ ವಹಿಸಬೇಕು. ತಲೆನೋವಿಗೆ ಸಾಮಾನ್ಯ ಕಾರಣ ಖಾಲಿ ಹೊಟ್ಟೆ, ಕಡಿಮೆ ನೀರು, ಜಾಸ್ತಿ ಆಲ್ಕೋಹಾಲ್. ಪ್ರತಿ ಗ್ಲಾಸಿಗೆ ಒಂದು ಲೋಟ ನೀರು ಕುಡಿಯಿರಿ. ಒಂದೇ ಗ್ಲಾಸಿಗೂ ಪ್ರತಿ ಸಲ ತಲೆನೋವು ಬಂದರೆ ಬಿಟ್ಟುಬಿಡಿ.

ದಿನಕ್ಕೊಂದು ಗ್ಲಾಸ್ ಹೃದಯಕ್ಕೆ ಒಳ್ಳೆಯದಂತೆ?

ಆ ಮಾತನ್ನು ನಂಬಿ ಕುಡಿಯಲು ಶುರು ಮಾಡಬೇಡಿ. ಆಲ್ಕೋಹಾಲ್‌ನ ಸುರಕ್ಷಿತ ಪ್ರಮಾಣ ಅಂತ ಯಾವುದೂ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಆಲ್ಕೋಹಾಲ್ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿದೆ. ಗರ್ಭಿಣಿಯರು, ಔಷಧಿ ತೆಗೆದುಕೊಳ್ಳುವವರು, ಕುಡಿತ ಬಿಟ್ಟವರು ರುಚಿ ನೋಡುವ ನೆಪದಲ್ಲೂ ಮುಟ್ಟಬಾರದು. ವೈನ್ ರುಚಿಗಾಗಿ, ಸ್ವಲ್ಪವೇ.

ತಜ್ಞರು ರುಚಿ ನೋಡಿ ಉಗುಳುತ್ತಾರೆ. ಅದರಲ್ಲಿ ಅಸಭ್ಯ ಏನೂ ಇಲ್ಲ. ಪಕ್ಕದಲ್ಲಿ ಒಂದು ಚೊಂಬು ಇಟ್ಟುಕೊಂಡು ನೀವೂ ಹಾಗೇ ಮಾಡಬಹುದು. ವಾಹನ ಓಡಿಸುವುದಿದ್ದರೆ ಕುಡಿಯಲೇಬೇಡಿ. ನಮ್ಮ ಕಾನೂನಿನ ಮಿತಿ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ ಮಾತ್ರ.

ಗೆಳೆಯರ ಜೊತೆ ಮನೆಯಲ್ಲೇ ರುಚಿ ನೋಡುವುದು ಹೇಗೆ?

ಆರು ಜನಕ್ಕೆ ಎರಡು ಬಾಟಲಿ ಸಾಕು. 750 ಮಿ.ಲೀ. ಬಾಟಲಿಯಿಂದ ಒಬ್ಬೊಬ್ಬರಿಗೆ 50 ಮಿ.ಲೀ. ಹಾಕಿದರೂ ಅರ್ಧಕ್ಕಿಂತ ಜಾಸ್ತಿ ಉಳಿಯುತ್ತದೆ. ಊಟಕ್ಕೆ ಮೊದಲೇ ಕೂರಿ. ಅಗರಬತ್ತಿ, ಸೆಂಟು, ಒಲೆಯ ಮೇಲೆ ಒಗ್ಗರಣೆ ಬೇಡ. ಬಾಟಲಿಗೆ ನ್ಯೂಸ್‌ಪೇಪರ್ ಸುತ್ತಿ 1, 2 ಅಂತ ಬರೆಯಿರಿ. ಸುತ್ತಿದವರು ಬಾಯಿ ಬಿಡಬಾರದು. ಎಲ್ಲರೂ ಮೊದಲು ತಮ್ಮ ತಮ್ಮ ಚೀಟಿಯಲ್ಲಿ ಬರೆಯಲಿ, ಆಮೇಲೆ ಮಾತು. ಯಾರಾದರೂ ಮೊದಲೇ ‘ಮಾವಿನ ಹಣ್ಣು’ ಅಂದುಬಿಟ್ಟರೆ ಉಳಿದವರ ಮೂಗಿಗೂ ಮಾವೇ ಬರುತ್ತದೆ.

ನಡುವೆ ತಿನ್ನಲು ಸಪ್ಪೆ ಬ್ರೆಡ್ ಅಥವಾ ಉಪ್ಪು ಕಡಿಮೆ ಇರುವ ಬಿಸ್ಕೆಟ್ ಇರಲಿ. ಒಂದು ಸುತ್ತು ಆದ ಮೇಲೆ ಸ್ವಲ್ಪ ಚೀಸ್ ಅಥವಾ ಪನೀರ್ ತಿಂದು ಅದೇ ಕೆಂಪು ವೈನ್ ಮತ್ತೆ ಕುಡಿಯಿರಿ. ಒಗರು ತಗ್ಗಿರುತ್ತದೆ. ಟ್ಯಾನಿನ್ ಈಗ ಜೊಲ್ಲಿನ ಬದಲು ಚೀಸಿನ ಪ್ರೋಟೀನ್ ಹಿಡಿದುಕೊಂಡಿದೆ. ಕೊನೆಗೆ ಪೇಪರ್ ಬಿಚ್ಚಿ, ದ್ರಾಕ್ಷಿ, ವರ್ಷ, ಬೆಲೆ ಚೀಟಿಯ ಮೇಲೆ ಬರೆದಿಟ್ಟುಕೊಳ್ಳಿ. ಉಳಿದದ್ದನ್ನು ಮುಚ್ಚಿ ಫ್ರಿಜ್‌ಗೆ ಹಾಕಿ ಮರುದಿನ ಸಂಜೆ ಒಂದೆರಡು ಗುಟುಕು ಮತ್ತೆ ನೋಡಿ. ಬಿಗಿಯಾಗಿದ್ದ ಕ್ಯಾಬರ್ನೆ ಗಾಳಿ ತಾಗಿ ಎಷ್ಟೋ ಸಲ ಮೆದುವಾಗಿರುತ್ತದೆ. ಹಿಂದಿನ ದಿನ ಎರಡನೇ ಸ್ಥಾನ ಕೊಟ್ಟಿದ್ದರೆ ಅದನ್ನು ಬದಲಿಸಬೇಕಾಗಬಹುದು.